ಹುಳ ತಿಂದ ಜಾಗ

ಒಂದಾನೊಂದು ಕಾಲದಲ್ಲಿ, ಕಾಗದ ಅನ್ನೋದು ಇನ್ನೂ ಯಾರ ಕಣ್ಣಿಗೂ ಬೀಳದೇ ಇದ್ದ ಕಾಲದಲ್ಲಿ, ಓಲೆಹಳ್ಳಿ ಅಂತ ಒಂದು ಊರಿತ್ತಂತೆ. ಕಾಲು ಒಳಗೆ ಎಳ್ಕೋ ಮಗಳೇ, ಹೊದಿಕೆ ಸರಿಮಾಡ್ತೀನಿ. ಆ ಊರಲ್ಲಿ ಚಂದಯ್ಯ ಅಂತ ಒಬ್ಬ. ತಾಳೆಗರಿ ಮೇಲೆ ಕಂಟ ಅನ್ನೋ ಕಬ್ಬಿಣದ ಕಡ್ಡಿಯಿಂದ ಅಕ್ಷರ ಕೊರೆದು, ಮೇಲೆ ಮಸಿ ತೀಡಿ ಓಲೆ ಮಾಡೋದು ಅವನ ಕಸುಬು. ಈಗ ನಿನ್ನಕ್ಕ ಪರೀಕ್ಷೆ ಬಂತು ಅಂದ್ರೆ ನೋಟ್ಸು ನೋಟ್ಸು ಅಂತ ಜೆರಾಕ್ಸ್ ಅಂಗಡಿಗೆ ಓಡ್ತಾಳಲ್ಲ, ಹಾಗೇ ಆಗ ಅರಮನೆಯ ಪರೀಕ್ಷೆಗೆ ಕೂರೋ ಹುಡುಗರೆಲ್ಲ ಚಂದಯ್ಯನ ಮನೆಗೆ ಓಡಿ ಬರ್ತಿದ್ದರಂತೆ. ಅವನ ಹತ್ರ ಮುತ್ತಾತನ ಕಾಲದ ನಾಲ್ಕು ಕಟ್ಟು ಓಲೆ. ಒಂದರಲ್ಲಿ ನೀರು, ಬೆಂಕಿ, ಗಾಳಿಯ ಗುಣ. ಇನ್ನೊಂದರಲ್ಲಿ ಏತ, ಗಾಣ, ರಾಟೆ ಮಾಡೋ ವಿದ್ಯೆ. ಮತ್ತೊಂದರಲ್ಲಿ ಸಂತೆ, ಸುಂಕದ ವಿಚಾರ. ಕೊನೇದು ಚರಿತ್ರೆ, ಹಿಂದಿನವರು ಏನು ಮಾಡಿದರು, ಎಲ್ಲಿ ಎಡವಿದರು ಅಂತ.

ಹಳೇ ಓಲೆ ಅಂದಮೇಲೆ ಹುಳ ಬಿಡುತ್ತಾ? ಹುಳ ತಿಂದ ಕಡೆ ಅಕ್ಷರ ಹೋಗಿ ತೂತು ಉಳಿಯುತ್ತೆ. ಅದಕ್ಕೇ ಆ ಮನೆಯಲ್ಲಿ ಒಂದು ಕಟ್ಟುಪಾಡು. ಪ್ರತಿ ಮಾಡುವಾಗ ತೂತು ಸಿಕ್ಕಿದರೆ, ಹೊಸ ಓಲೆಯಲ್ಲೂ ಅಷ್ಟೇ ಜಾಗ ಬಿಟ್ಟು ಒಂದು ಸೊನ್ನೆ ಸುತ್ತಬೇಕು. ಇಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ ಅಂತ ಅದರ ಅರ್ಥ.

ಗೊತ್ತಿಲ್ಲ ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಅಜ್ಜಿ?

ಕೇಳು ಸುಮ್ನೆ. ಚಂದಯ್ಯನಿಗೆ ಮೂವರು ಮಕ್ಕಳು, ಪಾಯಣ್ಣ, ಬೊಮ್ಮಣ್ಣ, ದೇವರಸ. ಅಪ್ಪನ ಕಣ್ಣು ಮಂಜಾಗ್ತಾ ಬಂತು. ಮೂವರನ್ನೂ ಕರೆದು, ಒಬ್ಬೊಬ್ಬರೂ ನಾಲ್ಕು ಕಟ್ಟು ಪ್ರತಿ ಮಾಡಿ, ಯಾರದು ಚೆನ್ನಾಗಿದೆಯೋ ಅವರಿಗೆ ನನ್ನ ಕಂಟ, ನನ್ನ ಜಾಗ ಅಂದನಂತೆ. ಕಿರಿಯವನು ದೇವರಸನ ಅಕ್ಷರ ಅಂದ್ರೆ ಮುತ್ತು ಪೋಣಿಸಿದ ಹಾಗೆ. ಬರೀತಾ ಬರೀತಾ ಮೊದಲನೇ ತೂತು ಬಂತು. ಸೊನ್ನೆ ಸುತ್ತೋಕೆ ಕೈ ಎತ್ತಿದವನು ನಿಂತುಬಿಟ್ಟನಂತೆ. ಇಷ್ಟು ಚೆಂದದ ಓಲೆಯಲ್ಲಿ ಗೊತ್ತಿಲ್ಲ ಅಂತ ಬರೆಯೋದಾ? ನಾಚಿಕೆ ಆಯ್ತು ಅವನಿಗೆ. ಆಗಬಾರದ ಕಡೆ ಆಯ್ತು ನೋಡು ನಾಚಿಕೆ. ಇದೇ ಇದ್ದಿರಬೇಕು ಅಂತ ತನಗೆ ತೋಚಿದ್ದು ಕೊರೆದುಬಿಟ್ಟ. ಆಮೇಲೆ ಎರಡನೇದು, ಆಮೇಲೆ ಮೂರನೇದು.

ಅಣ್ಣಂದಿರ ಓಲೆಯಲ್ಲಿ ಸೊನ್ನೆ ಇತ್ತು, ಇವನದರಲ್ಲಿ ಇರಲಿಲ್ಲ. ಅಪ್ಪ ಕೇಳಿದ, ಅಲ್ವೋ, ಮೂಲದಲ್ಲೇ ತೂತಿತ್ತಲ್ಲ? ಬೆಳಕಿಗೆ ಹಿಡಿದು ನೋಡಿದೆ ಅಪ್ಪಯ್ಯ, ತೂತಿನ ಅಂಚಲ್ಲಿ ಅರ್ಧರ್ಧ ಅಕ್ಷರ ಉಳಿದಿತ್ತು, ಓದಿಬಿಟ್ಟೆ ಅಂದ ದೇವರಸ. ಅಪ್ಪ ಅವನ ಕೆನ್ನೆ ಸವರಿ, ನನ್ನ ಕಣ್ಣಿಗೆ ಕಾಣದ್ದು ನಿನಗೆ ಕಂಡಿತಲ್ಲಪ್ಪ ಅಂತ ಕಂಟ ಕೊಟ್ಟುಬಿಟ್ಟನಂತೆ. 

ಹುಡುಗರಿಗೆಲ್ಲ ದೇವರಸನ ಓಲೆಯೇ ಬೇಕು. ಪಾಯಣ್ಣನದನ್ನ ನೋಡಿ, ಇದೇನು ಓಲೆನೋ ಜರಡಿನೋ ಅಂತ ನಗೋರಂತೆ. ಒಂದು ವರ್ಷ ಕಳೀತು. ಒಂದಿನ ಚಿಕ್ಕೀರ ಅಂತ ಒಬ್ಬ ಹುಡುಗ ಬಂದ. ಮುಖವೆಲ್ಲ ಬೊಬ್ಬೆ, ಹುಬ್ಬೇ ಇಲ್ಲ! ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದು ಬಗ್ಗಿ ನೋಡು ಅಂತ ಓಲೆಯಲ್ಲಿತ್ತು, ಬಗ್ಗಿ ನೋಡಿದೆ, ಕುದ್ದು ಮುಖಕ್ಕೇ ಹಾರಿತು ಅಂದ. ಬಗ್ಗಿ ಅನ್ನೋದು ದೇವರಸ ತುಂಬಿದ ಮಾತು. ಅವನು ನೆಲ ನೋಡ್ತಾ, ಮೂಲದಲ್ಲಿ ಹಾಗೇ ಇತ್ತು, ನಾನೇನು ಮಾಡಲಿ ಅಂದನಂತೆ.

ಹುಬ್ಬು ಮತ್ತೆ ಬಂತಾ ಅಜ್ಜಿ?

ತಾಳು, ಬರುತ್ತೆ. ಆಮೇಲೆ ಇನ್ನೊಬ್ಬ ಬಂದ, ಕೈಗೆ ಬಿದಿರಿನ ದಬ್ಬೆ ಕಟ್ಟಿಕೊಂಡು. ಬಾವಿ ನೀರೆತ್ತೋ ಏತದ ಬಾಲಕ್ಕೆ ಕಟ್ಟೋ ಕಲ್ಲು ತುಂಬಿದ ಕೊಡದ ಎರಡರಷ್ಟು ತೂಗಬೇಕು ಅಂತ ಇತ್ತಲ್ಲಯ್ಯ, ಹಾಗೇ ಕಟ್ಟಿದೆ, ಕೊಡದ ಜೊತೆ ನಾನೂ ಮೇಲಕ್ಕೆ ಹೋಗಿ ಹುಣಸೆ ಮರಕ್ಕೆ ಬಿದ್ದೆ ಅಂದ. ನಗ್ತೀಯಾ? ನಗು ನಗು, ಅವನ ಕೈ ಮುರಿದಿತ್ತು. ಮೂಲದಲ್ಲಿ ಹಾಗೇ ಇತ್ತು ಅಂದ ದೇವರಸ, ಈ ಸಲ ದನಿ ಇನ್ನೂ ಸಣ್ಣದಾಗಿ. ಆಮೇಲೆ ಗಡಿಯ ಊರಿಂದ ಹೆಂಗಸರೇ ಬಂದರು. ಪರೀಕ್ಷೆ ಗೆದ್ದು ಸುಂಕದ ಅಧಿಕಾರಿ ಆದವನೊಬ್ಬ, ಉಪ್ಪು ಕಡಿಮೆ ಬಂದ ವರ್ಷ ಉಪ್ಪಿನ ಗಾಡಿಯ ಸುಂಕ ಏರಿಸು ಅಂತ ದೇವರಸನ ಓಲೆಯಲ್ಲಿ ಓದಿಕೊಂಡಿದ್ದನಂತೆ, ಏರಿಸಿದ. ಗಾಡಿಗಳೆಲ್ಲ ಬೇರೆ ಊರಿನ ದಾರಿ ಹಿಡಿದವು. ಮೂರು ತಿಂಗಳು ಊರಿಗೆ ಊರೇ ಸಪ್ಪೆ ಗಂಜಿ ಕುಡೀತು, ಬಾಣಂತಿಗೂ ಒಂದು ಹರಳು ಉಪ್ಪಿಲ್ಲ. ಯಾವನಯ್ಯ ಬರೆದವನು, ಅವನ ಎಲೆಗೆ ಯಾವತ್ತೂ ಉಪ್ಪು ಬೀಳದಿರಲಿ ಅಂತ ಶಾಪ ಹಾಕಿದರು. ಕಂಬದ ಹಿಂದೆ ನಿಂತು ದೇವರಸ ಮೂರನೇ ಸಲ ಅಂದ, ಮೂಲದಲ್ಲಿ ಹಾಗೇ ಇತ್ತು.

ಮೂರು ಸಲ ಹೇಳಿದ ಸುಳ್ಳಿಗೆ ಕಾಲು ಬರುತ್ತೆ ಮಗಳೇ, ಅದು ಅರಮನೆವರೆಗೂ ನಡೆದುಹೋಯ್ತು. ಮೂಲವೇ ಕೆಟ್ಟಿದೆ ಅಂದಮೇಲೆ ಅದನ್ನ ಹೊಳೆಗೆ ಬಿಡಿ ಅಂತ ಅಪ್ಪಣೆ ಬಂತು. ಕೆಲಸಕ್ಕೆ ಬಾರದ ಓಲೆಯನ್ನ ಹೊಳೆಗೆ ಬಿಡೋದು ಆ ಕಾಲದ ಪದ್ಧತಿ. ಚಂದಯ್ಯನಿಗೆ ಅಷ್ಟೊತ್ತಿಗೆ ಕಣ್ಣು ಪೂರ್ತಿ ಹೋಗಿತ್ತು. ನಾಲ್ಕೂ ಕಟ್ಟನ್ನು ತಲೆ ಮೇಲೆ ಹೊತ್ತು, ಪಾಯಣ್ಣನ ಹೆಗಲು ಹಿಡಿದು ಹೊರಟ. ದಾರಿ ಉದ್ದಕ್ಕೂ, ಹೊಳೆ ತಾಯಿ, ನಮ್ಮ ಮುತ್ತಾತ ತಿಳಿಯದೆ ಬರೆದಿದ್ದರೆ ಕ್ಷಮಿಸು ಅಂತ ಗೊಣಗ್ತಾ ಇದ್ದನಂತೆ. ಹಿಂದೆ ಬರ್ತಿದ್ದ ದೇವರಸನಿಗೆ ಒಂದೊಂದು ಮಾತೂ ಕಾದ ಕಂಟದಲ್ಲಿ ಚುಚ್ಚಿದ ಹಾಗೆ. ತಾನು ಮಾಡಿದ ತಪ್ಪಿಗೆ ಅಪ್ಪ ಮುತ್ತಾತನ ಹೆಸರಲ್ಲಿ ಕ್ಷಮೆ ಕೇಳಬೇಕೇ?

ಅಪ್ಪ ಸೊಂಟದ ನೀರಿಗಿಳಿದು ಕಟ್ಟು ಕೆಳಗಿಳಿಸಿದ. ದೇವರಸ ಓಡಿಹೋಗಿ ಕಟ್ಟನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ದಡದಲ್ಲಿ ಊರೇ ನಿಂತಿತ್ತು.

ಅಪ್ಪಯ್ಯ, ಅಂಚಲ್ಲಿ ಅಕ್ಷರ ಇರಲಿಲ್ಲ.

ಅಪ್ಪ ದನಿ ಬಂದ ಕಡೆ ತಿರುಗಿದ. ಆಮೇಲೆ ಕೇಳಿದ, ಮೂರೂ ಕಡೆನಾ?

ಮೂರೂ ಕಡೆ.

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ವಾಸಿ ಅನ್ನಿಸಿತಂತೆ ದೇವರಸನಿಗೆ. ಅವನೇ ತನ್ನ ಸೊಂಟದಲ್ಲಿ ಸಿಕ್ಕಿಸಿದ್ದ ಕಂಟ ತೆಗೆದು ಪಾಯಣ್ಣನ ಕೈಗಿಟ್ಟ.

ಆಮೇಲೆ ಹೊರಟ ನೋಡು, ಬರಿಗಾಲಲ್ಲಿ. ಸುಣ್ಣ ಸುಡೋ ಅಜ್ಜಿ ಹತ್ರ ಹೋಗಿ ತಪ್ಪು ಒಪ್ಪಿಕೊಂಡ. ಅವಳು ನಕ್ಕು, ಅಯ್ಯೋ ಪೆದ್ದಾ, ಸುಣ್ಣ ಅರಳುವಾಗ ದೂರ ನಿಂತು ನೋಡಬೇಕು ಅಂದಳು. ಏತ ಕಟ್ಟೋ ಬಡಗಿ, ತುಂಬಿದ ಕೊಡದ ಅರ್ಧ ತೂಕ ಸಾಕು ಕಣಯ್ಯ, ಉಳಿದರ್ಧ ನಿನ್ನ ತೋಳು ಕೊಡಲಿ ಅಂದ. ಗಡಿಯ ಊರಿನ ಉಪ್ಪು ಮಾರೋಳು ಮಾತ್ರ ಮೂರು ದಿನ ಬಾಗಿಲಲ್ಲಿ ನಿಲ್ಲಿಸಿ, ಸಪ್ಪೆ ಗಂಜಿ ಇಟ್ಟು, ನಾಲ್ಕನೇ ದಿನ ಹೇಳಿದಳಂತೆ, ಸುಂಕ ಬಿಟ್ಟರೆ ಗಾಡಿ ತಾನಾಗೇ ಬರುತ್ತೆ.

ವಾಪಸ್ ಬಂದು, ಈಗ ಸರಿಯಾದ್ದು ತುಂಬಲಾ ಅಪ್ಪಯ್ಯ ಅಂತ ಕೇಳಿದ. ಬೇಡ, ಸೊನ್ನೆ ಸೊನ್ನೆಯಾಗೇ ಇರಲಿ, ಪಕ್ಕದಲ್ಲಿ ಯಾರು ಹೇಳಿದರು ಅಂತ ಅವರ ಹೆಸರು ಬರಿ ಅಂದ ಅಪ್ಪ. ಇನ್ನೊಂದಿದೆ. ಚರಿತ್ರೆಯ ಕಟ್ಟು ತಗೋ, ಕೊನೇ ಗರಿಯಲ್ಲಿ ಜಾಗ ಇದೆ.

ದೇವರಸನಿಗೆ ಅರ್ಥವಾಯ್ತು. ಅಣ್ಣನಿಂದ ಕಂಟ ಕೇಳಿ ತಗೊಂಡು ಬರೆದ, ಚಂದಯ್ಯನ ಕಿರಿಮಗ ದೇವರಸ ಮೂರು ತೂತಿನಲ್ಲಿ ತನಗೆ ತಿಳಿಯದ್ದನ್ನು ಬರೆದ, ಕೇಳಿದವರಿಗೆ ಮೂರು ಸಲ ಸುಳ್ಳು ಹೇಳಿದ. ಮಸಿ ತೀಡದಿದ್ದರೆ ಯಾರಿಗೂ ಕಾಣೋದಿಲ್ಲ. ಕೈ ತಡೀತು. ಆಮೇಲೆ ತಾನೇ ಮಸಿ ತಗೊಂಡು ತೀಡಿದನಂತೆ. ಕುರುಡ ಅಪ್ಪ ಗರಿ ಇಸ್ಕೊಂಡು ಕೊರೆದ ಸಾಲಿನ ಮೇಲೆ ಬೆರಳಾಡಿಸಿದ. ಮಗನ ಹೆಸರಿನ ಮೇಲೆ ಬೆರಳು ನಿಂತಿತು. ಅಕ್ಷರ ಈಗಲೂ ದುಂಡಗಿದೆ ಕಣೋ ಅಂದ.

ಓಲೆ ಹೊಳೆಗೆ ಹೋಗಲಿಲ್ಲ, ನಿಜ ತಿಳಿದ ಅರಮನೆ ಅಪ್ಪಣೆ ವಾಪಸ್ ತಗೊಂಡಿತು. ಮೂವರು ಅಣ್ಣತಮ್ಮಂದಿರೂ ಒಂದೇ ಜಗಲಿಯಲ್ಲಿ ಕೂತು ಬರೆದುಕೊಂಡು ಸುಖವಾಗಿದ್ದರಂತೆ. ಪ್ರತಿ ವರ್ಷ ಹೊಸ ಹುಡುಗರಿಗೆ ಆ ಕೊನೇ ಗರಿ ಓದಿ ಬಾಯಿಪಾಠ ಮಾಡಿಸೋದು ಮಾತ್ರ ದೇವರಸನದೇ ಕೆಲಸ. ಪ್ರತಿ ವರ್ಷವೂ ಕಿವಿ ಕೆಂಪಾಗ್ತಿತ್ತಂತೆ, ಮುದುಕನಾದ ಮೇಲೂ.

ಹುಬ್ಬು?

ಬಂತು ಬಂತು, ಮೊದಲಿಗಿಂತ ದಪ್ಪವಾಗೇ ಬಂತು. ಕಣ್ಣು ಮುಚ್ಚು ಈಗ. ಹುಬ್ಬು ಬೆಳೀತು, ಊರಿಗೆ ಉಪ್ಪು ಬಂತು, ಸೊನ್ನೆ ಸೊನ್ನೆಯಾಗೇ ಉಳೀತು, ನನ್ನ ಕತೆ ಮುಗೀತು.