ನೂರಕ್ಕೆ ನೂರರ ವರ್ಷ

ಹೊಳೆಯ ದಂಡೆಯಲ್ಲಿ ಪಾದ್ರಿಗಳು ನಡೆಸುವ ಹಳೆಯ ಕಾಲೇಜೊಂದಿತ್ತು. ಅದು ವಿಶ್ವವಿದ್ಯಾಲಯವಾಗಿ ಒಂದು ವರ್ಷ ತುಂಬಿತು.

ಎಂಥ ವರ್ಷ ಅಂತೀರಿ! ಗೇಟಿಗೆ ಹೊಸ ಬೋರ್ಡು ಬಂತು, ಬೋರ್ಡಿಗೆ ಲೈಟು ಬಂತು. ಹೊಸ ಪ್ರಯೋಗಾಲಯ ಎದ್ದು ನಿಂತಿತು. ಜರ್ಮನಿಯವರ ಜೊತೆ ಏನೋ ಒಪ್ಪಂದವಾಯಿತು. ಪರಿಶೀಲನೆಗೆ ಬಂದ ತಂಡದವರು ಎಲ್ಲಕ್ಕಿಂತ ಮೇಲಿನ ದರ್ಜೆ ಕೊಟ್ಟು, ಮೀನು ಸಾರು ಬಹಳ ಚೆನ್ನಾಗಿತ್ತು ಎಂದು ಹೇಳಿ ಹೋದರು.

ಇದನ್ನೆಲ್ಲ ಮಾಡಿಸಿದವರು ಕುಲಪತಿ ಫಾದರ್ ಡೆನ್ಜಿಲ್. ಗಣಿತದಲ್ಲಿ ಚಿನ್ನದ ಪದಕ. ಒಂದನೇ ಕ್ಲಾಸಿನಿಂದ ಇಲ್ಲಿಯವರೆಗೆ ಎರಡನೇ ಸ್ಥಾನ ಹೇಗಿರುತ್ತದೆ ಎಂದು ನೋಡಿದವರೇ ಅಲ್ಲ.

ಅವರಿಗೆ ಗಣಿತ ಕಲಿಸಿದ ಗುರು ಫಾದರ್ ಲಿಗೋರಿ. ನಿವೃತ್ತರಾಗಿ ಇಗರ್ಜಿಯ, ಅಂದರೆ ಚರ್ಚಿನ, ಹಿಂದಿನ ಕೋಣೆಯಲ್ಲಿದ್ದರು. ಸಿಟ್ಟು ಬೇಗ, ನಗು ಅದಕ್ಕಿಂತ ಬೇಗ. ಜಗಲಿಯಲ್ಲಿ ಒಂದು ಕರಿಹಲಗೆ. ಲೆಕ್ಕ ತಲೆಗೆ ಹತ್ತದ ಮಕ್ಕಳು ಸಂಜೆ ಅಲ್ಲಿಗೆ ಬರುತ್ತಿದ್ದರು.

ಸೆಪ್ಟೆಂಬರಿನಲ್ಲಿ ತೆನೆಹಬ್ಬ. ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟಿದ ದಿನ. ಆ ದಿನ ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ಮನೆಯ ಹಿರಿಯರು ನಾಲ್ಕು ಕಾಳು ಸುಲಿದು, ಕುಟ್ಟಿ, ಪಾಯಸಕ್ಕೆ ಬೆರೆಸುತ್ತಾರೆ. ಮನೆಯವರೆಲ್ಲ ಒಟ್ಟಿಗೆ ಕೂತ ಮೇಲೆಯೇ ಊಟ.

ವಿಶ್ವವಿದ್ಯಾಲಯದ ವರ್ಷದ ಸಂಭ್ರಮವನ್ನೂ ಆ ಹಬ್ಬದ ದಿನವೇ ಇಟ್ಟುಕೊಂಡಿದ್ದರು. ಹಿಂದಿನ ದಿನ ಡೆನ್ಜಿಲ್ ಅಚ್ಚಾದ ವರದಿ ಹಿಡಿದು ಗುರುಗಳ ಜಗಲಿಗೆ ಬಂದರು.

"ನಾಳೆ ಪಾಯಸಕ್ಕೆ ತೆನೆ ಬೆರೆಸುವುದು ನೀವೇ, ಫಾದರ್. ನಮ್ಮ ಮನೆಗೆ ನೀವೇ ಹಿರಿಯರು."

"ಆಯಿತು. ಅದೆಂಥದು ಕೈಯಲ್ಲಿ?"

"ವರ್ಷದ ವರದಿ."

"ಓದು, ಕೇಳುವಾ."

ಡೆನ್ಜಿಲ್ ಓದಿದರು. ಲಿಗೋರಿ ಕಣ್ಣು ಮುಚ್ಚಿ ಕೇಳಿದರು. ಪ್ರಯೋಗಾಲಯಕ್ಕೆ ತಲೆಯಾಡಿಸಿದರು, ಜರ್ಮನಿಗೂ ತಲೆಯಾಡಿಸಿದರು.

"ಅಂತಿಮ ವರ್ಷದ ಫಲಿತಾಂಶ ನೂರಕ್ಕೆ ನೂರು" ಎಂದು ಡೆನ್ಜಿಲ್ ಓದಿದಾಗ ಕಣ್ಣು ತೆರೆದರು.

"ಅಶ್ವಿತಾ?"

"ಯಾವ ಅಶ್ವಿತಾ, ಫಾದರ್?"

"ಬಂಗೇರರ ಹುಡುಗಿ. ಫೈನಲ್ ಬಿಎಸ್ಸಿ. ಫೆಬ್ರವರಿಯವರೆಗೆ ಈ ಜಗಲಿಯಲ್ಲಿ ಕೂತು ನನ್ನ ತಲೆ ತಿನ್ನುತ್ತಿದ್ದಳು. ಅವಳೂ ಪಾಸಾ?"

ಡೆನ್ಜಿಲ್ ವರದಿ ಮಡಚಿದರು.

"ಟೆಸ್ಟುಗಳ ಅಂಕ ನೋಡಿದರೆ ಅವಳು ಪಾಸಾಗುವ ಹಾಗೆ ಇರಲಿಲ್ಲ, ಫಾದರ್. ತಂದೆಯನ್ನು ಕರೆಸಿ ಮಾತಾಡಿದೆವು. ಅವರೇ ಟಿ.ಸಿ. ತೆಗೆದುಕೊಂಡು ಹೋದರು."

"ಅವರೇ?"

"ನಾವು ಹೇಳಿದ ಮೇಲೆ."

"ಅವಳು ಪರೀಕ್ಷೆಗೆ ಕೂತಿದ್ದರೆ?"

"ನೂರಕ್ಕೆ ನೂರು ಆಗುತ್ತಿರಲಿಲ್ಲ." ಡೆನ್ಜಿಲರ ದನಿ ಏರಿತು. "ಮೊದಲನೇ ವರ್ಷ, ಫಾದರ್. ಎಲ್ಲರ ಕಣ್ಣು ನಮ್ಮ ಮೇಲೆ. ಒಬ್ಬಳಿಗೋಸ್ಕರ ಎಲ್ಲರ ಹೆಸರು ಕೆಡಿಸಬೇಕಿತ್ತಾ?"

ಲಿಗೋರಿ ಎದ್ದು ಕರಿಹಲಗೆ ಒರೆಸಿದರು.

"ನಾಳೆ ಊಟಕ್ಕೆ ಬರುತ್ತೇನೆ" ಎಂದರು.

ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡು ಡೆನ್ಜಿಲ್ ನೆಮ್ಮದಿಯಿಂದ ಹೋದರು.

ಮರುದಿನ ಪೂಜೆಯಾಯಿತು, ತೆನೆ ಹಂಚಿದ್ದಾಯಿತು. ಸಭಾಂಗಣದಲ್ಲಿ ಸಾಲು ಸಾಲು ಬಾಳೆ ಎಲೆ. ಹರಿವೆ ಪಲ್ಯ, ಬೆಂಡೆಕಾಯಿ, ಕೆಸುವಿನ ದಂಟಿನ ಸಾರು. ಮೇಷ್ಟರುಗಳು, ಮಕ್ಕಳು, ದೊಡ್ಡ ದೊಡ್ಡ ಅತಿಥಿಗಳು ಎಲ್ಲರೂ ಕೂತರು. ಲಿಗೋರಿಯವರ ಮುಂದೆ ತೆನೆ, ಕುಟ್ಟುವ ಕಲ್ಲು, ಪಾಯಸದ ಪಾತ್ರೆ.

ಅವರು ಕೈ ಕಟ್ಟಿ ಕೂತಿದ್ದರು.

"ಶುರು ಮಾಡುವಾ, ಫಾದರ್?" ಡೆನ್ಜಿಲ್ ಬಗ್ಗಿ ಕೇಳಿದರು.

"ಮನೆಯವರೆಲ್ಲ ಬರಲಿ."

"ಎಲ್ಲರೂ ಬಂದಿದ್ದಾರೆ."

"ಇಲ್ಲ."

ಡೆನ್ಜಿಲರಿಗೆ ಅರ್ಥವಾಯಿತು. ಮುಖ ಕೆಂಪಾಯಿತು.

"ಫಾದರ್, ಅತಿಥಿಗಳು ಕಾಯುತ್ತಿದ್ದಾರೆ."

"ಹಸಿವಾದವರು ಉಣ್ಣಲಿ. ನಾನು ತೆನೆ ಮುಟ್ಟುವುದಿಲ್ಲ."

ತೆನೆ ಬೆರೆಸದೆ ಉಣ್ಣುವುದು ಹೇಗೆ? ಯಾರೂ ಎಲೆಗೆ ಕೈ ಹಾಕಲಿಲ್ಲ. ಬಡಿಸುವವರು ಸೌಟು ಹಿಡಿದುಕೊಂಡೇ ನಿಂತರು. ಒಬ್ಬ ಅತಿಥಿ ಗಡಿಯಾರ ನೋಡಿದರು, ಅವರನ್ನು ನೋಡಿ ಪಕ್ಕದವರೂ ನೋಡಿದರು.

"ಎಲ್ಲರ ಎದುರು ನನ್ನ ಮರ್ಯಾದೆ ತೆಗೆಯುತ್ತಿದ್ದೀರಿ" ಡೆನ್ಜಿಲ್ ಹಲ್ಲು ಕಚ್ಚಿ ಹೇಳಿದರು.

"ನಿನ್ನದಾದರೂ ಎಲ್ಲರ ಎದುರು, ಮಾರಾಯ. ಅವಳದ್ದನ್ನು ನೀವು ಬಾಗಿಲು ಹಾಕಿಕೊಂಡು ತೆಗೆದಿರಿ."

"ಅವಳು ಈಗ ಎಲ್ಲಿದ್ದಾಳೋ ಯಾರಿಗೆ ಗೊತ್ತು?"

"ಗೇಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ. ನೀನು ಕಾರಲ್ಲಿ ಓಡಾಡುವವ, ನಿನಗೆ ಕಾಣುವುದಿಲ್ಲ."

ಡೆನ್ಜಿಲ್ ಬಿಳಿ ನಿಲುವಂಗಿಯಲ್ಲೇ ದಡದಡ ಹೊರಗೆ ನಡೆದರು.

ಜೆರಾಕ್ಸ್ ಅಂಗಡಿಯಲ್ಲಿ ಹುಡುಗಿ ಕಾಗದದ ಕಟ್ಟು ಬಿಚ್ಚುತ್ತಿದ್ದಳು. ಇವರನ್ನು ಕಂಡು ಎದ್ದು ನಿಂತಳು.

"ಎಷ್ಟು ಪ್ರತಿ ಬೇಕು, ಫಾದರ್?"

"ಪ್ರತಿ ಬೇಡ. ನೀನು ಅಶ್ವಿತಾ ಅಲ್ವಾ?"

"ಹೌದು."

ಮುಂದೇನು ಹೇಳಬೇಕೆಂದು ಡೆನ್ಜಿಲರಿಗೆ ಹೊಳೆಯಲಿಲ್ಲ. ಭಾಷಣ ಮಾಡಿ ಅಭ್ಯಾಸ ಇದ್ದವರಿಗೆ ಹೀಗಾಗುವುದು ಉಂಟು. ಮೇಜಿನ ಮೇಲೆ ಅವರದೇ ವರದಿ ಬಿದ್ದಿತ್ತು.

"ಇದು ಇಲ್ಲಿ ಹೇಗೆ ಬಂತು?"

"ಅಚ್ಚಾದದ್ದು ಸಾಕಾಗಲಿಲ್ಲ ಅಂತ ನಿಮ್ಮ ಆಫೀಸಿನವರು ಬೆಳಗ್ಗೆ ಕೊಟ್ಟು ಹೋದರು. ನಾನೇ ಜೆರಾಕ್ಸ್ ಮಾಡಿದ್ದು."

"ಓದಿದೆಯಾ?"

"ಪುಟ ಸರಿ ಉಂಟಾ ಅಂತ ನೋಡಬೇಕಲ್ವಾ, ಫಾದರ್. ನೂರಕ್ಕೆ ನೂರು ಅಂತ ಉಂಟು." ಅವಳು ವರದಿಯನ್ನು ನೇರ ಮಾಡಿ ಇಟ್ಟಳು. "ಒಳ್ಳೇದಾಯಿತು. ನನ್ನ ಕ್ಲಾಸಿನವರೆಲ್ಲ ಪಾಸು."

ಆ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಡೆನ್ಜಿಲ್ ತಡೆದುಕೊಳ್ಳುತ್ತಿದ್ದರು. ಇಲ್ಲದ್ದಕ್ಕೇ ಅವರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನಿನ್ನನ್ನು ಕಳಿಸಿದ್ದು ತಪ್ಪು. ತಪ್ಪು ನನ್ನದು. ವಾಪಸ್ ಬಾ."

"ಬಂದು?"

"ಪರೀಕ್ಷೆಗೆ ಕೂತುಕೋ."

"ಫೇಲಾದರೆ?"

ಡೆನ್ಜಿಲ್ ಮೇಜಿನ ಮೇಲಿನ ವರದಿಯನ್ನು ಮಗುಚಿ ಇಟ್ಟರು. ಹುಡುಗಿ ಕಾಯುತ್ತಿದ್ದಳು.

"ಆದರೆ ಆಗಲಿ" ಎಂದರು. "ಲೆಕ್ಕ ನಾನು ಹೇಳಿಕೊಡುತ್ತೇನೆ."

"ನೀವಾ? ನಿಮಗೆ ಪುರುಸೊತ್ತು ಉಂಟಾ?"

"ಮಾಡಿಕೊಳ್ಳುತ್ತೇನೆ. ಈಗ ಊಟಕ್ಕೆ ಬಾ. ನೀನು ಬಾರದೆ ಲಿಗೋರಿ ಫಾದರ್ ಯಾರಿಗೂ ಊಟ ಮಾಡಲು ಬಿಡುವುದಿಲ್ಲ."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಂಗಡಿಯ ಯಜಮಾನರ ಕಡೆ ತಿರುಗಿದಳು.

"ಹೋಗು ಮಾರಾಯ್ತಿ, ಹೋಗು" ಎಂದರು ಅವರು. "ಅಷ್ಟು ಜನರನ್ನು ಉಪವಾಸ ಕೂರಿಸಬೇಡ."

ಸಭಾಂಗಣಕ್ಕೆ ಬಂದ ಡೆನ್ಜಿಲ್ ಅವಳನ್ನು ಲಿಗೋರಿಯವರ ಪಕ್ಕದ ಎಲೆಗೆ ಕೂರಿಸಿ ನೇರ ಮೈಕಿನ ಹತ್ತಿರ ಹೋದರು.

"ವರದಿಯಲ್ಲಿ ನೂರಕ್ಕೆ ನೂರು ಅಂತ ಉಂಟು. ಪರೀಕ್ಷೆಗೆ ಕೂತವರೆಲ್ಲ ಪಾಸಾದದ್ದು ನಿಜ. ಆದರೆ ಒಬ್ಬಳನ್ನು ಪರೀಕ್ಷೆಗೆ ಮೊದಲೇ ಕಳಿಸಿಬಿಟ್ಟಿದ್ದೆವು. ಕಳಿಸಿದ್ದು ನಾನು. ಅವಳು ನಾಳೆಯಿಂದ ಪುನಃ ಬರುತ್ತಾಳೆ. ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ."

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅದು ಚಪ್ಪಾಳೆ ತಟ್ಟುವ ಮಾತೂ ಆಗಿರಲಿಲ್ಲ.

ಲಿಗೋರಿ ತೆನೆ ಎತ್ತಿಕೊಂಡು ಕಾಳು ಸುಲಿದರು, ಕುಟ್ಟಿದರು, ಪಾಯಸಕ್ಕೆ ಬೆರೆಸಿದರು. ಪಾಯಸ ಆರಿ ಹೋಗಿತ್ತು. ಅತಿಥಿಗಳಲ್ಲಿ ಒಬ್ಬರು, ಉಪ್ಪಿನಕಾಯಿ ಮಾತ್ರ ಚೆನ್ನಾಗಿದೆ ಎಂದರು.

ಊಟ ಮುಗಿದ ಮೇಲೆ ಡೆನ್ಜಿಲ್ ಗುರುಗಳ ಕೈಗೆ ನೀರು ಹಾಕಿದರು.

"ಫಾದರ್, ಅವಳು ಈ ಸಲ ಪಾಸಾಗುತ್ತಾಳೆ ಅಲ್ವಾ?"

"ನನಗೆ ಹೇಗೆ ಗೊತ್ತು? ಹೇಳಿಕೊಡುವುದು ನೀನಲ್ವಾ?"

ಡೆನ್ಜಿಲ್ ಹೇಳಿಕೊಟ್ಟರು. ಮೀಟಿಂಗ್ ಬಿಟ್ಟು ಓಡಿ ಬಂದು ಹೇಳಿಕೊಟ್ಟರು. ಕ್ಲಾಸು ಮುಗಿಸಿ, ಅಂಗಡಿ ಕೆಲಸವನ್ನೂ ಮುಗಿಸಿ ಅವಳು ಬರುತ್ತಿದ್ದಳು, ಅದೇ ಜಗಲಿಗೆ. ಲಿಗೋರಿ ಒಳಗೆ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು.

ಒಂದು ದಿನ ಡೆನ್ಜಿಲ್ ಚಾಕ್ ಬಿಸಾಡಿ ಒಳಗೆ ಬಂದರು.

"ನನ್ನಿಂದ ಸಾಧ್ಯವಿಲ್ಲ! ಒಂದೇ ಲೆಕ್ಕವನ್ನು ನಾಲ್ಕು ರೀತಿ ಹೇಳಿದೆ. ಅವಳ ತಲೆಗೆ ಹೋಗುವುದೇ ಇಲ್ಲ."

"ಐದನೇ ರೀತಿ ಹೇಳು."

"ಐದನೇ ರೀತಿ ಅಂತ ಇಲ್ಲ, ಫಾದರ್."

"ನಿನಗೆ ನಾನು ಒಂದು ರೀತಿ ಹೇಳಿದೆ, ಥಟ್ಟನೆ ಹತ್ತಿತು. ಬೇರೆ ರೀತಿ ಹುಡುಕುವ ಕೆಲಸವೇ ನನಗೆ ಬೀಳಲಿಲ್ಲ. ನಿನ್ನಿಂದ ನಾನು ಏನೂ ಕಲಿಯಲಿಲ್ಲ, ಡೆನ್ಜಿಲ್."

ಡೆನ್ಜಿಲ್ ಚಾಕ್ ಹೆಕ್ಕಿಕೊಂಡು ಹೊರಗೆ ಹೋದರು. ಐದನೇ ರೀತಿ ಸಿಕ್ಕಿತು. ಅದು ಅವಳಿಗೆ ಅರ್ಧ ಹತ್ತಿತು. ಅರ್ಧ ಹತ್ತಿದ್ದಕ್ಕೆ ಡೆನ್ಜಿಲ್ ಕುಣಿದುಬಿಡುವುದೊಂದು ಬಾಕಿ. ಚಿನ್ನದ ಪದಕ ಬಂದ ದಿನವೂ ಅವರು ಅಷ್ಟು ಖುಷಿಪಟ್ಟವರಲ್ಲ.

ಪರೀಕ್ಷೆ ಬಂತು. ಫಲಿತಾಂಶವೂ ಬಂತು.

ಆ ದಿನ ಡೆನ್ಜಿಲ್ ಮಧ್ಯಾಹ್ನವೇ ಜಗಲಿಗೆ ಬಂದರು. ಕರಿಹಲಗೆಯ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟರು.

"ಫೇಲ್, ಫಾದರ್."

ಲಿಗೋರಿ ಹೊರಗೆ ಬಂದು ಪಕ್ಕದಲ್ಲಿ ಕೂತರು. ಮೊಣಕಾಲು ನೋವಿನಿಂದ ಕೂರುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು.

"ಹೋದ ವರ್ಷದ ಟೆಸ್ಟಿಗಿಂತ?"

"ಎಷ್ಟೋ ಮೇಲೆ. ಇನ್ನು ಸ್ವಲ್ಪದರಲ್ಲಿ ಇತ್ತು. ಆದರೆ ಫೇಲ್ ಅಂದರೆ ಫೇಲೇ ಅಲ್ವಾ? ನಾನು ಕಲಿಸಿದ್ದು, ಫಾದರ್. ನಾನು! ವರ್ಷಪೂರ್ತಿ! ಆ ನೂರಕ್ಕೆ ನೂರು ಹೋದದ್ದು ನನಗೇನೂ ಅನಿಸಲಿಲ್ಲ. ಇದು ಮಾತ್ರ ತಡೆಯಲಾಗುತ್ತಿಲ್ಲ."

ಕುಲಪತಿಗಳು ಅತ್ತರು. ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಗುರುಗಳು ಬೆನ್ನು ಸವರಲಿಲ್ಲ, ಸಮಾಧಾನ ಹೇಳಲಿಲ್ಲ. ಮುಗಿಯುವವರೆಗೆ ಪಕ್ಕದಲ್ಲೇ ಕೂತಿದ್ದರು.

"ಅವಳಿಗೆ ಹೇಳಿದೆಯಾ?"

"ಹೇಳಿದೆ. ಅಂಗಡಿಗೆ ನಾನೇ ನಡೆದು ಹೋಗಿ ಹೇಳಿದೆ."

"ಅತ್ತಳಾ?"

"ಇಲ್ಲ. ಕೈಯಲ್ಲಿದ್ದ ಕಾಗದಗಳ ಜೆರಾಕ್ಸ್ ಮುಗಿಸಿದಳು. ಆಮೇಲೆ, 'ಸೋಮವಾರ ಎಷ್ಟು ಹೊತ್ತಿಗೆ ಬರಲಿ, ಫಾದರ್?' ಅಂತ ಕೇಳಿದಳು."

ಲಿಗೋರಿ ಶಿಷ್ಯನ ಮುಖವನ್ನೇ ನೋಡಿದರು.

"ನೀನು ಎಷ್ಟು ಹೊತ್ತಿಗೆ ಅಂದೆ?"