ಒಂಟೆ ಮೇಲೆ ಹೇರಿದ ಪುಸ್ತಕಗಳು

ಹೊದ್ಕೊಂಡು ಮಲಕ್ಕೋ ಪುಟ್ಟಾ, ಹೂಂ ಅಂತಿರು. ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಸಮುದ್ರದಾಚೆ ಖರ್ಜೂರ ಬೆಳೆಯೋ ನಾಡಲ್ಲಿ ಒಬ್ಬ ಸುಲ್ತಾನ ಇದ್ನಂತೆ. ಅವನ ಕೋಟೆಯೊಳಗೆ ದೊಡ್ಡದೊಂದು ಪುಸ್ತಕದ ಮನೆ. ಅದನ್ನ ನೋಡ್ಕೊಳ್ತಿದ್ದೋರು ಬುರ್ಹಾನುದ್ದೀನ್ ಅಂತ ಒಬ್ಬ ವಯಸ್ಸಾದ ಮೇಷ್ಟ್ರು. ಅವರಿಗೆ ಇಬ್ಬರು ಗಂಡುಮಕ್ಕಳು, ಕೊನೆಯವಳು ಮಾಹ್‌ರುಖ್ ಅಂತ ಮಗಳು. ಮೂವರಿಗೂ ಅವರೇ ಓದು ಕಲಿಸಿದ್ರಂತೆ.

ಒಂದಿನ ಸುಲ್ತಾನ ಹೇಳಿಕಳಿಸ್ದ, ವಿದ್ಯೆಗಳನ್ನೆಲ್ಲ ಬೇರೆ ಬೇರೆ ಮಾಡಿ ಜೋಡಿಸಿ, ಬೇಡದ್ದನ್ನ ಆಚೆ ಹಾಕಿಸ್ತೀನಿ ಅಂತ. ದೊಡ್ಡ ಮಗ ದೇವರ ಮಾತಿಂದ, ಹಿರಿಯರ ಬಾಯಿಂದ ಬಂದ ವಿದ್ಯೆ ಒಂದು ಕಡೆ, ಮನುಷ್ಯ ತಾನೇ ಯೋಚಿಸಿ ಕಂಡ್ಕೊಂಡದ್ದು ಇನ್ನೊಂದು ಕಡೆ ಇಟ್ಟ. ಆಮೇಲೆ ಎರಡನೆಯವನು ನಮ್ಮವರದ್ದು ಇಲ್ಲಿ, ಗ್ರೀಕರದ್ದು, ಹಿಂದೂಸ್ತಾನದವರದ್ದು ಅಲ್ಲಿ ಅಂತ ಇಟ್ಟ. ಇಬ್ಬರದೂ ತಪ್ಪಲ್ಲ ಕಣೋ. ಆದ್ರೆ ಸುಲ್ತಾನ, ಪರರದ್ದು ನನಗ್ಯಾಕೆ ಅಂದು ಲೆಕ್ಕ, ನಕ್ಷತ್ರ, ವೈದ್ಯ ಎಲ್ಲಾ ಪುಸ್ತಕಾನೂ ಊರಾಚೆ ಕಳಿಸೋಕೆ ಒಂಟೆ ಮೇಲೆ ಹೇರಿಸ್ಬಿಟ್ನಂತೆ. ಮೇಷ್ಟ್ರು ಬಾಗಿಲಲ್ಲೇ ಕುಸಿದು ಅತ್ತರಂತೆ.

ಆಮೇಲೆ ಮಾಹ್‌ರುಖ್ ನೇರ ದರ್ಬಾರಿಗೆ ಹೋದ್ಳಂತೆ. ಅಲ್ಲಿ ಸುಲ್ತಾನನ ತೀರಿಹೋದ ತಮ್ಮನ ತೋಟ ಪಾಲು ಮಾಡ್ತಿದ್ರು. ತಾಯಿಗೆಷ್ಟು, ಹೆಂಡತಿಗೆಷ್ಟು, ಹೆಣ್ಮಕ್ಕಳಿಗೆಷ್ಟು ಅಂತ ಧರ್ಮದ ಪುಸ್ತಕದಲ್ಲಿದೆ, ಆದ್ರೆ ಪಾಲು ಸರಿಹೊಂದಿಸೋದಕ್ಕಾಗದೆ ನ್ಯಾಯ ಹೇಳೋ ಖಾಜಿ ಬೆವರ್ತಿದ್ದಾನೆ. ಇವಳಂದ್ಳು, ಹುಜೂರ್, ಹಂಚೋ ಲೆಕ್ಕ ಒಂಟೆ ಮೇಲಿದೆ, ತರ್ಲಾ? ಖಾಜಿ ಹೂಂ ಅಂತ ತಲೆಯಾಡಿಸ್ದ. ಲೆಕ್ಕದ ಪುಸ್ತಕ ಒಂಟೆಯಿಂದ ಇಳೀತು. ಆಮೇಲೆ ಕೇಳಿದ್ಳು, ನಮಾಜಿನ ಹೊತ್ತು, ದಿಕ್ಕು ಆಕಾಶ ನೋಡದೆ ಹೇಗೆ ಗೊತ್ಮಾಡ್ಕೊಳ್ತೀರಿ? ನಕ್ಷತ್ರದ ಪುಸ್ತಕಾನೂ ಇಳೀತು. ಇನ್ನು ವೈದ್ಯದ ಪುಸ್ತಕ ಅಂದದ್ದಕ್ಕೆ ಸುಲ್ತಾನನಿಗೆ ರೇಗಿಹೋಯ್ತು. ಸಾಕು, ಅದು ಹೊರಗಿನೋರದ್ದು, ಹೋಗ್ಲಿ ಅಂದ.

ಆಗ ಪರದೆ ಹಿಂದಿನಿಂದ ಅವನ ತಾಯಿ ಮಾತಾಡಿದ್ಳಂತೆ. ಮಗಾ, ಚಿಕ್ಕಂದಿನಲ್ಲಿ ನಿನಗೆ ಸಿಡುಬು ಬಂದಿತ್ತು. ಹಕೀಮ ಗ್ರೀಕರ ಪುಸ್ತಕ ನೋಡಿ ಮದ್ದು ಅರೆದ. ಆ ಪುಸ್ತಕ ಯಾರದ್ದು ಅಂತ ನಾನು ಕೇಳ್ಲಿಲ್ಲಪ್ಪ. ನೀನು ಉಸಿರಾಡ್ತಿದ್ದೀಯಾ ಅಂತ ಮಾತ್ರ ನೋಡ್ತಾ ಕೂತಿದ್ದೆ.

ಸುಲ್ತಾನ ತಲೆ ತಗ್ಗಿಸ್ದ. ಆಮೇಲೆ ತಾನೇ ಎದ್ದು ಹೋಗಿ ಒಂಟೆಯ ಹಗ್ಗ ಬಿಚ್ಚಿದ್ನಂತೆ. ಅಣ್ಣಂದಿರು ಪುಸ್ತಕ ಹೊತ್ತು ತಂದ್ರು, ಮಾಹ್‌ರುಖ್ ಯಾವುದಕ್ಕೆ ಯಾವುದು ಆಸರೆಯೋ ಅದರ ಪಕ್ಕಕ್ಕೇ ಅದನ್ನಿಟ್ಳು. ಮೇಷ್ಟ್ರು ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದ್ರಂತೆ. ಮೂವರು ಮಕ್ಕಳೂ ಅಲ್ಲೇ ಪಾಠ ಹೇಳ್ತಾ ಉಳಿದ್ರು, ಸುಲ್ತಾನನ ಸತ್ತುಹೋದ ತಮ್ಮನ ಹೆಣ್ಮಕ್ಕಳೇ ಮೊದಲು ಬಂದು ಕೂತ್ಕೊಂಡ್ರಂತೆ.

ಅಷ್ಟೇ ಕಣೋ, ಕತೆ ತೀರ್ತು. ಇನ್ನು ಕಣ್ಣು ಮುಚ್ಚು.