ಉರಿಗಲ್ಲುದುರ್ಗದ ನಾತದ ಹೊಂಡ

ಉರಿಗಲ್ಲುದುರ್ಗದ ಬೋಳುಬಂಡೆಯ ಮೇಲೆ ಇಂದಿಗೂ ಒಂದರ ಕೆಳಗೊಂದು ಮೂರು ಹೊಂಡಗಳಿವೆ. ಸುತ್ತ ಹತ್ತು ಹರಿದಾರಿಯೊಳಗೆ ಹೊಳೆಯಿಲ್ಲ, ತೊರೆಯಿಲ್ಲ. ಬಾವಿ ತೋಡಿದರೆ ಕಿಡಿ ಹಾರುವ ನೆಲ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಗೀರುಗಾಲುವೆಗಳು ಮೇಲಿನ ಹೊಂಡಕ್ಕೆ ತರುತ್ತವೆ. ಅದು ತುಂಬಿ ಚೆಲ್ಲಿದ್ದು ನಡುವಣ ಹೊಂಡಕ್ಕೆ, ಅಲ್ಲಿಯೂ ಹೆಚ್ಚಾದದ್ದು ಕೆಳಗಿನದಕ್ಕೆ. ಮೇಲಿನದು ಕುಡಿಯಲು, ನಡುವಿನದು ದನಕರುಗಳಿಗೆ, ಕೆಳಗಿನದು ಮೈಗೆ, ಬಟ್ಟೆಗೆ. ಈ ಕೆಳಗಿನ ಹೊಂಡದ ದಡದಲ್ಲಿ ನೆಟ್ಟ ಕಲ್ಲಿನ ಮೇಲೆ ‘ಜಡಿಯಪ್ಪ ನಾಯಕ ಸಮುದ್ರ’ ಎಂದು ಅಂದವಾಗಿ ಕೆತ್ತಿದೆ. ಆ ಹೆಸರು ಹಿಡಿದು ದಾರಿ ಕೇಳಿದವರು ಸಂಜೆಯವರೆಗೂ ಬಿಸಿಲಿನಲ್ಲಿ ಸುತ್ತಬೇಕಾಗುತ್ತದೆ. ನಾತದ ಹೊಂಡ ಎಂದರೆ ಸಾಕು, ಊರಿನ ಯಾರಾದರೂ ಕೈತೋರುತ್ತಾರೆ.

ಹಿಂದೆ ಒಮ್ಮೆ, ಪಾಳೆಗಾರರ ಕಾಲದಲ್ಲಿ, ಈ ದುರ್ಗದ ನೀರುಗಂಟಿಯಾಗಿದ್ದವಳು ಬೋರಕ್ಕನೆಂಬ ಮುದುಕಿ. ಹೊಂಡದ ನೀರನ್ನು ಅಳೆದು ಮನೆಮನೆಗೆ ಹಂಚುವುದು ಅವಳ ಕೆಲಸ. ಎರಡು ವರ್ಷ ಮಳೆ ಕೈಕೊಟ್ಟು, ಕೆಳಗಿನ ಎರಡೂ ಹೊಂಡಗಳ ತಳ ಬಿರುಕುಬಿಟ್ಟಾಗ ಅವಳು ಮನೆಗೆ ದಿನಕ್ಕೆ ಎರಡೇ ಕೊಡವೆಂದು ಕಟ್ಟುಮಾಡಿದಳು. ಬಾಣಂತಿಯಿರುವ ಮನೆಗೆ ಮೂರು. ಸ್ವಂತ ಅಳಿಯ ನಾಲ್ಕನೆಯ ಕೊಡ ಹಿಡಿದು ಬಂದಾಗ ಕೊಡವನ್ನು ಕಿತ್ತಿಟ್ಟುಕೊಂಡು ಅವನನ್ನು ಬರಿಗೈಯಲ್ಲಿ ಅಟ್ಟಿದವಳೆನ್ನುತ್ತಾರೆ. ಇಷ್ಟು ಬಿಗಿ ಹಿಡಿದರೂ ಮೇಲಿನ ಹೊಂಡ ಅವಳು ಕೊಟ್ಟದ್ದಕ್ಕಿಂತ ಬೇಗ ಇಳಿಯುತ್ತಿತ್ತು. ಹೀಗೇ ಇಳಿದರೆ ನಾಲ್ಕು ತಿಂಗಳಲ್ಲಿ ಊರಿಗೆ ಊರೇ ಗಂಟುಮೂಟೆ ಕಟ್ಟಬೇಕು. ಬೋರಕ್ಕನಿಗೆ ಅನ್ನ ಸೇರದಾಯಿತು. ಕೊನೆಗೆ ಒಂದು ಬೆಳಗಿನ ಜಾವ ಒಂದು ಮೊರ ರಾಗಿಹೊಟ್ಟನ್ನು ನೀರಿನ ಮೇಲೆ ಎರಚಿ ಕಾದು ಕುಳಿತಳು. ಹೊಟ್ಟು ಮೆಲ್ಲನೆ ತೇಲುತ್ತ ಒಂದು ಮೂಲೆಗೆ ಹೋಗಿ, ಚಪ್ಪಡಿಯ ಸಂದಿಯಲ್ಲಿ ಮಾಯವಾಯಿತು. ಆ ಸಂದಿಯ ಇನ್ನೊಂದು ತುದಿ ಎಲ್ಲಿದೆಯೆಂದು ಅವಳಿಗೆ ಹೊಳೆಯಲಿಲ್ಲ. ದೂರು ಹೇಳಲೆಂದು ಅರಮನೆಗೆ ಹೋದಳು. ಜಡಿಯಪ್ಪ ನಾಯಕ ಆಗತಾನೇ ಎಣ್ಣೆನೀರು ಮುಗಿಸಿ ಒಡ್ಡೋಲಗಕ್ಕೆ ಬಂದು ಕುಳಿತಿದ್ದ. ಬೋರಕ್ಕ ತಲೆಯೆತ್ತಿ ನೋಡಿದಳು.

“ಬುದ್ಧೀ, ನೀರಿನ ಕಳ್ಳ ಸಿಕ್ಕ” ಎಂದಳು.

“ಯಾವನವನು? ಈ ಬಂಡೆ ಮೇಲಿಂದ ಉರುಳಿಸಿಬಿಡ್ತೀನಿ!” ಎಂದು ನಾಯಕ ಗುಡುಗಿದ.

“ಉರುಳಿಸೋಕೆ ಮುಂಚೆ, ಮೀಸೇಲಿರೋ ರಾಗಿಹೊಟ್ಟು ಒರೆಸ್ಕಳಿ.”

ನಾಯಕ ಮೀಸೆ ಸವರಿ ಬೆರಳು ನೋಡಿಕೊಂಡ. ಅವನ ತಾತ ಮಾಡಿಸಿದ್ದ ಗುಪ್ತಗಾಲುವೆ ಬಚ್ಚಲಿಗೆ ದಿನವೂ ಅರವತ್ತು ಕೊಡ ನೀರು ಹರಿಸುತ್ತಿತ್ತು. ಅರವತ್ತು ಕೊಡವೆಂದರೆ ಮೂವತ್ತು ಮನೆಯ ನೀರೆಂದು ಬೋರಕ್ಕ ವಿವರಿಸಿದಾಗ ಅವನ ಮುಖ ಕೆಂಪೇರಿತು. ಸಿಟ್ಟೋ ನಾಚಿಕೆಯೋ ಅವನಿಗೇ ತಿಳಿಯದು. ಎದ್ದು ನಿಂತು, “ಕೆಳಗಿನ ಹೊಂಡಕ್ಕೆ ನೀರು ಬರೋವರೆಗೂ ನಾನು ಮೀಯೋದಿಲ್ಲ” ಎಂದು ಕತ್ತಿ ಮುಟ್ಟಿ ಆಣೆಯಿಟ್ಟ. ಆರಿದ್ರೆ ಮಳೆ ಹತ್ತೇ ದಿನ ದೂರವಿತ್ತು. ಆ ಧೈರ್ಯ ಅವನದು. ಆದರೆ ಆ ವರ್ಷ ಆರಿದ್ರೆಯೂ ಬರಲಿಲ್ಲ, ಅದರ ಮುಂದಿನ ಮಳೆಗಳೂ ಬರಲಿಲ್ಲ.

ಮೊದಲ ತಿಂಗಳು ಜನ ನಾಯಕನನ್ನು ಹೊಗಳಿದರು. ಎರಡನೆಯ ತಿಂಗಳು ದೂರ ನಿಂತು ಹೊಗಳಿದರು. ಮೂರನೆಯ ತಿಂಗಳಲ್ಲಿ ದಳವಾಯಿ ಗಾಳಿಯ ದಿಕ್ಕು ನೋಡಿ ಕೂರುವುದನ್ನು ಕಲಿತ. ನಾಯಕನ ಮಡದಿ ನಾಗತಿ ಅವನ ಹಾಸಿಗೆಯನ್ನು ಮೊದಲು ಪಡಸಾಲೆಗೂ ಆಮೇಲೆ ಕುದುರೆಲಾಯಕ್ಕೂ ಸಾಗಿಸಿದಳು. ಲಾಯದ ಕುದುರೆಗಳು ಹಗ್ಗ ಹರಿದುಕೊಂಡವೆನ್ನುತ್ತಾರೆ. ಒಂದು ಮಧ್ಯಾಹ್ನ ನಾಯಕ ಒಬ್ಬನೇ ಹೊಂಡದ ಬಳಿ ಬಂದು, “ಬೋರಕ್ಕ, ಒಂದೇ ಒಂದು ಚೆಂಬು ಕೊಡು” ಎಂದ.

“ಕುಡಿಯಾಕಾ, ತೊಳೆಯಾಕಾ?”

“...ಕುಡಿಯೋಕೆ.”

“ಹಂಗಾದ್ರೆ ನನ್ನೆದುರಿಗೇ ಕುಡೀರಿ, ಬುದ್ಧಿ.”

ನಾಯಕ ಒಂದು ಹನಿಯೂ ಬಿಡದೆ ಅಷ್ಟನ್ನೂ ಕುಡಿದು ಹೊರಟುಹೋದ. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದ ಬೋರಕ್ಕ ಅವನ ಬೆನ್ನು ಮರೆಯಾಗುವವರೆಗೂ ನೋಡುತ್ತ ನಿಂತಳು. ಆದರೂ ಎರಡನೆಯ ಚೆಂಬು ತುಂಬಲಿಲ್ಲ. ನಾಯಕನೇ ಹೀಗಿರುವಾಗ ಎರಡು ಕೊಡ ಸಾಲದೆಂದು ಗೊಣಗುವ ಬಾಯಿ ಊರಲ್ಲಿ ಉಳಿದಿರಲಿಲ್ಲ.

ಆ ಸಮಯಕ್ಕೆ ಬಡಗಲಿಂದ ದೊಡ್ಡ ದಂಡೊಂದು ಬಂದು ಗುಡ್ಡದ ಕೆಳಗೆ ಡೇರೆ ಹೊಡೆಯಿತು. ಕೋಟೆಯ ಒಳಗು ನೋಡಿಬರಲು ದಂಡಿನ ಸರದಾರ ಸಂಧಾನದ ನೆಪದಲ್ಲಿ ಒಬ್ಬ ರಾಯಭಾರಿಯನ್ನು ಕಳಿಸಿದ. ಗಂಧ ಪೂಸಿಕೊಂಡು ಬಂದ ಆ ನಯಗಾರನನ್ನು ನಾಯಕ ಪದ್ಧತಿಯಂತೆ ಎರಡೂ ತೋಳಿನಿಂದ ಬಿಗಿದಪ್ಪಿದ. ರಾಯಭಾರಿ ಹೇಳಬೇಕಾದ ಮಾತನ್ನೆಲ್ಲ ಮರೆತು, ತಾಂಬೂಲವನ್ನೂ ಮುಟ್ಟದೆ, ಬಂದ ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಡೇರೆಯಲ್ಲಿ ಅವನು ಸರದಾರನಿಗೆ ಹೇಳಿದ್ದಿಷ್ಟೇ: “ಪಾಳೆಗಾರನ ಮೈಗೇ ನೀರಿಲ್ಲದ ಊರು. ಗೆದ್ದು ಒಳಹೊಕ್ಕರೆ ನಮ್ಮ ಹತ್ತು ಸಾವಿರ ಕುದುರೆಗೆ ಏನು ಕುಡಿಸುತ್ತೀರಿ?” ಮರುದಿನ ಬಿಸಿಲೇರುವ ಮುಂಚೆ ದಂಡು ಕಾಲ್ತೆಗೆಯಿತು. ಬೋರಕ್ಕನ ಹೊಂಡದಲ್ಲಿ ಆಗ ಊರಿಗೆ ಇನ್ನೂ ನಾಲ್ಕು ತಿಂಗಳು ಸಾಲುವಷ್ಟು ನೀರಿತ್ತು.

ಉತ್ತರೆ ಮಳೆ ಮೂರು ದಿನ ಬಿಡದೆ ಸುರಿಯಿತು. ಹೊಂಡದ ಮೇಲೆ ಹೊಂಡ ಉಕ್ಕಿ, ಕೆಳಗಿನ ಹೊಂಡಕ್ಕೆ ನೀರು ಧುಮುಕಿದ ಸದ್ದಿಗೆ ನಾಯಕ ಕಿರೀಟ ಸಮೇತ ಓಡಿಬಂದು ಹಾರಿದ. ಊರೆಲ್ಲ ದಡದಲ್ಲಿ ನಿಂತು ಕೇಕೆ ಹಾಕಿತು. ಆಮೇಲೆ ಎಂಟು ದಿನ ಆ ನೀರಿನಲ್ಲಿ ಯಾರೂ ಬಟ್ಟೆ ಒಗೆಯಲಿಲ್ಲವೆನ್ನುತ್ತಾರೆ. ಆಸ್ಥಾನದ ಪಂಡಿತರು ‘ಸಮುದ್ರ’ವೆಂದು ಕಲ್ಲು ಕೆತ್ತಿಸಿದರು, ಜನ ಇಟ್ಟ ಹೆಸರು ಬೇರೆ. ಪಂಡಿತರು ದೂರು ಒಯ್ದಾಗ ನಾಯಕ ನಕ್ಕು, “ಊರು ಉಳಿಸಿದ್ದು ನನ್ನ ಕತ್ತಿಯೇನಲ್ಲವಲ್ಲ” ಎಂದನಂತೆ.

ಗುಪ್ತಗಾಲುವೆಯ ಬಾಯಿಯನ್ನು ಅವನು ಆಣೆಯಿಟ್ಟ ದಿನವೇ ತಾನೇ ನಿಂತು ಸೀಸ ಹೊಯ್ಯಿಸಿ ಮುಚ್ಚಿಸಿದ್ದ. ಅರಮನೆ ಇಂದು ಪಾಳುಬಿದ್ದಿದೆ. ಬಚ್ಚಲಿನಲ್ಲಿ ಮೇಕೆಗಳು ಮಲಗುತ್ತವೆ. ಅರವತ್ತು ಕೊಡ ಹಿಡಿಯುವ ದೊಡ್ಡ ಕಲ್ಲುಬಾನಿ ಮಾತ್ರ ಹಾಗೆಯೇ ಉಳಿದಿದೆ. ಬಗ್ಗಿ ನೋಡಿದರೆ ಅದರ ಒಳಮೈಯಲ್ಲಿ, ತಳದಿಂದ ಬರಿಯ ನಾಲ್ಕು ಬೆರಳು ಮೇಲೆ, ಉಳಿಯಿಂದ ಎಳೆದ ಸೊಟ್ಟಗೆರೆಯೊಂದು ಕಾಣುತ್ತದೆ. ಅದು ಎರಡು ಕೊಡದ ಗುರುತು. ಬೋರಕ್ಕ ಬಂದು ತನ್ನ ಕೈಯಾರೆ ಗೀರಿದ್ದು ಎನ್ನುತ್ತಾರೆ.